ಮಾನಸೋಲ್ಲಾಸದ ಅಶ್ವಪ್ರಕರಣವೂ ವಿಜಯಪುರದ ಲಾಯದ ಮಾತೂ

ಕುಮಾರವ್ಯಾಸನ ಯುದ್ಧಪರ್ವಗಳನ್ನು ಪಾಠ ಹೇಳುವ ಅಧ್ಯಾಪಕರಿಗೆಲ್ಲ ಪರಿಚಿತವಾದ ಒಂದು ಕಷ್ಟವುಂಟು. ಅಶ್ವಸೇನೆಯ ವರ್ಣನೆ ಬಂದೊಡನೆ ಪದಗಳು ಗುಂಪುಗುಂಪಾಗಿ ನುಗ್ಗುತ್ತವೆ. ಟಿಪ್ಪಣಿಯನ್ನು ತೆರೆದು ನೋಡಿದರೆ ಒಂದಕ್ಕೆ ‘ಕುದುರೆಯ ಒಂದು ಜಾತಿ’ ಎಂದೂ, ಮತ್ತೊಂದಕ್ಕೆ ‘ಕುದುರೆಯ ಸಲಕರಣೆ’ ಎಂದೂ, ಮೂರನೆಯದಕ್ಕೆ ‘ಒಂದು ಬಗೆಯ ನಡೆ’ ಎಂದೂ ಬರೆದಿರುತ್ತದೆ. ಇದು ಅರ್ಥವಲ್ಲ, ಅರ್ಥವು ತಿಳಿಯದೆಂಬುದನ್ನು ಮರ್ಯಾದೆಯಿಂದ ಹೇಳುವ ರೀತಿ. ಅಶ್ವವಿದ್ಯೆಯನ್ನು ಗ್ರಂಥದಿಂದಲೇ ತಿಳಿಯಬೇಕು, ಗ್ರಂಥವನ್ನು ಕೋಶದಿಂದಲೇ ತಿಳಿಯಬೇಕು ಎಂದು ನಾವು ಬಗೆದಿರುವುದೇ ಈ ದುಃಸ್ಥಿತಿಗೆ ಕಾರಣವೆಂಬುದು ನಮ್ಮ ಅಭಿಪ್ರಾಯ. ಇದನ್ನು ಕನ್ನಡನಾಡಿನಲ್ಲೇ ಹುಟ್ಟಿದ ಒಂದು ಮಹಾಗ್ರಂಥವನ್ನು ಮುಂದಿಟ್ಟುಕೊಂಡು ಪರೀಕ್ಷಿಸಬಹುದು.

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಕ್ರಿ. ಶ. ೧೧೨೯ರ ಸುಮಾರಿಗೆ ರಚಿಸಿದ ಮಾನಸೋಲ್ಲಾಸವು ಐದು ವಿಂಶತಿಗಳ, ನೂರು ಅಧ್ಯಾಯಗಳ ಸಂಸ್ಕೃತ ವಿಶ್ವಕೋಶ. ಇಂದಿನ ವಿಜಯಪುರ ಸೀಮೆಯು ಅಂದು ಆ ರಾಜ್ಯದ ಹೃದಯಭಾಗದಲ್ಲಿತ್ತು. ಭೀಮಾತೀರದ ತರ್ದವಾಡಿ ಸಾಸಿರವು ಚಾಲುಕ್ಯರ ಪುನರುತ್ಥಾನಕ್ಕೆ ಮೊದಲೇ ತೈಲಪನ ಕೈಯಲ್ಲಿದ್ದ ನಾಡು. ಗ್ರಂಥದಲ್ಲಿ ಕುದುರೆಯ ವಿಷಯವು ವಿಸ್ತಾರವಾಗಿ ಬರುವುದು ವಿನೋದವಿಂಶತಿಯ ವಾಜಿವಾಹ್ಯಾಲಿಯಲ್ಲಿ. ದೇಶಭೇದದಿಂದ ಕುದುರೆಗಳ ತಾರತಮ್ಯ, ಬಣ್ಣ, ಸುಳಿ, ಸವಾರಿ, ಕಡೆಗೆ ಎರಡು ಪಕ್ಷಗಳಾಗಿ ಕುದುರೆಯೇರಿ ಕೋಲಿನಿಂದ ಚೆಂಡನ್ನು ಹೊಡೆದು ತೋರಣವನ್ನು ದಾಟಿಸುವ ಆಟ, ಇವೆಲ್ಲ ಅಲ್ಲಿವೆ. ನಮ್ಮ ಕಾವ್ಯಗಳ ‘ವೈಹಾಳಿ’ ಎಂಬ ಮಾತು ಈ ವಾಹ್ಯಾಲಿಯ ತದ್ಭವವೇ ಆಗಿದೆ.

ಅಶ್ವವಿಷಯವು ‘ವಿನೋದ’ದಲ್ಲಿ ಬಂದಿದೆಯೆಂಬುದನ್ನು ವಿಮರ್ಶಕನು ಲಘುವಾಗಿ ಕಾಣಬಾರದು. ಇದಕ್ಕೆ ಎದುರಾಗಿ ಅರ್ಥಶಾಸ್ತ್ರವನ್ನಿಟ್ಟು ನೋಡಿರಿ. ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಮುದ್ರಿಸಿ ಲೋಕಕ್ಕೆ ಕೊಟ್ಟ ಆ ಗ್ರಂಥದಲ್ಲಿ ಕುದುರೆಯು ಬರುವುದು ಅಧ್ಯಕ್ಷಪ್ರಚಾರದಲ್ಲಿ. ಉತ್ತಮಾಶ್ವಕ್ಕೆ ಎರಡು ದ್ರೋಣ ಧಾನ್ಯ, ಅದೂ ಅರ್ಧ ಒಣಗಿದ್ದು ಇಲ್ಲವೆ ಅರ್ಧ ಬೆಂದದ್ದು. ಒಂದು ಪ್ರಸ್ಥ ಎಣ್ಣೆ, ಐದು ಪಲ ಉಪ್ಪು ಎಂದು ಅಲ್ಲಿ ಲೆಕ್ಕವಿದೆ. ಚಿಕಿತ್ಸೆಯಲ್ಲಿ ತಡಮಾಡಿ ರೋಗ ಹೆಚ್ಚಿದರೆ ಖರ್ಚಿನ ಇಮ್ಮಡಿ ದಂಡ. ಆ ತಪ್ಪಿನಿಂದ ಕುದುರೆ ಕೆಟ್ಟರೆ ಕುದುರೆಯ ಬೆಲೆಯಷ್ಟೇ ದಂಡ. ಕೌಟಿಲ್ಯನು ಲಾಯದ ಬಾಗಿಲಲ್ಲಿ ನಿಂತು ಬರೆದಿದ್ದಾನೆ; ಸೋಮೇಶ್ವರನು ಜೀನಿನ ಮೇಲೆ ಕುಳಿತು ಬರೆದಿದ್ದಾನೆ. ಅರಸನಾದವನು ಸವಾರಿಯ ಸುಖವನ್ನೂ ಆಟದ ಬಿರುಸನ್ನೂ ಬಲ್ಲನು. ಗೊರಸನ್ನು ತೊಡೆಯ ಮೇಲಿಟ್ಟುಕೊಂಡವನ ಜ್ಞಾನವು ಅವನ ಪುಟಕ್ಕೆ ಇಳಿಯುವುದು ಕಷ್ಟ. ಮಾನಸೋಲ್ಲಾಸವನ್ನು ಸರ್ವಸಂಗ್ರಹವೆಂದು ಹೊಗಳುವವರು ಇದನ್ನು ನೆನೆದರೆ ಒಳ್ಳೆಯದು.

ಆದರೆ ಇಂದಿನವರು ಹಾಸ್ಯಮಾಡುವ ಭಾಗವನ್ನು ನಾವು ಹಾಸ್ಯಮಾಡಲಾರೆವು. ಸುಳಿಗಳ ಶುಭಾಶುಭವನ್ನು ಮಾನಸೋಲ್ಲಾಸವೂ ಇತರ ಅಶ್ವಶಾಸ್ತ್ರಗಳೂ ಬಹಳ ಬೆಳೆಸಿವೆ. ಫಲವನ್ನು ನಂಬಬೇಕಾಗಿಲ್ಲ, ಆದರೆ ಸುಳಿ ಹುಟ್ಟಿನಿಂದ ಸಾಯುವವರೆಗೆ ಮಾಸದ ಗುರುತು. ಅಕ್ಬರನ ಸೈನ್ಯದಲ್ಲಿ ಕುದುರೆಗೆ ದಾಗು ಹಾಕಿ ಚಹರೆ ಬರೆಯುತ್ತಿದ್ದುದು ಒಂದು ಕುದುರೆಯ ಬದಲು ಇನ್ನೊಂದನ್ನು ತೋರಿಸುವ ಮೋಸವನ್ನು ತಡೆಯಲೆಂದು. ಇಂದಿಗೂ ಪಂದ್ಯದ ಕುದುರೆಗಳ ಗುರುತುಪತ್ರದಲ್ಲಿ ಸುಳಿಗಳ ಸ್ಥಾನವನ್ನು ಚಿತ್ರದ ಮೇಲೆ ಗುರುತಿಸುತ್ತಾರೆ. ಹಣೆಯಲ್ಲಿ ಎಷ್ಟು ಸುಳಿ, ಕತ್ತಿನಲ್ಲಿ ಎಲ್ಲಿ ಎಂದು ಎಣಿಸಲು ಕಲಿಸಿದವನು ಜ್ಯೋತಿಷಿಯಲ್ಲ, ಕುದುರೆಯನ್ನು ಕೊಂಡು ಒಮ್ಮೆ ಮೋಸಹೋದವನು ಎಂದು ನಮಗೆ ತೋರುತ್ತದೆ. ಶಕುನವು ಆಮೇಲೆ ಬಂದು ಸೇರಿಕೊಂಡಿರಬೇಕು.

ಇನ್ನು ಬಣ್ಣಗಳ ಹೆಸರು. ಸೋಮೇಶ್ವರನ ಸಮಕಾಲೀನನಾದ ಹೇಮಚಂದ್ರನು ತನ್ನ ಅಭಿಧಾನಚಿಂತಾಮಣಿಯಲ್ಲಿ ಕೋಕಾಹ, ಖೋಂಗಾಹ, ಸೇರಾಹ, ಕಿಯಾಹ, ವೋಲ್ಲಾಹ ಎಂದು ಕುದುರೆಯ ಬಣ್ಣಗಳನ್ನು ಹೇಳುತ್ತಾನೆ. ಇವು ಯಾವ ಧಾತುವಿನಿಂದ ಹುಟ್ಟಿದ ಶಬ್ದಗಳು? ಪಂಡಿತರು ವ್ಯುತ್ಪತ್ತಿಯನ್ನು ಎಷ್ಟು ಎಳೆದರೂ ಇವುಗಳ ಮೇಲೆ ಪಡುವಣ ದೇಶಗಳ ವ್ಯಾಪಾರಿಯ ನಾಲಗೆಯ ಗುರುತು ಅಳಿಯದು. ನಮ್ಮ ‘ತೇಜಿ’ಯೂ ಹಾಗೆಯೇ. ತೇಜಸ್ಸುಳ್ಳದ್ದು ತೇಜಿಯೆಂದು ತರಗತಿಯಲ್ಲಿ ಹೇಳುವುದುಂಟು. ಅದು ಅರಬ್ಬಿ ಕುದುರೆಯನ್ನು ಹೇಳುವ ಪಾರಸಿಯ ‘ತಾಜೀ’. ಪಲ್ಲಣವು ಪರ್ಯಾಣದಿಂದ, ರಾವುತನು ರಾಜಪುತ್ರನಿಂದ, ಸಾಹಣಿಯು ಸಾಧನಿಕನಿಂದ ಪ್ರಾಕೃತದ ಮೂಲಕ ಬಂದವು. ಹೀಗಿರಲು ಜೀನು, ಲಗಾಮು, ರಿಕಾಬುಗಳನ್ನು ಅನ್ಯದೇಶ್ಯವೆಂದು ಟಿಪ್ಪಣಿಯ ಹೊರಗೆ ನಿಲ್ಲಿಸುವವರಿಗೆ ಯಾವ ಆಧಾರವಿದೆ? ಕುದುರೆಯೇ ಹಡಗಿನಲ್ಲಿ ಬಂದಾಗ ಅದರ ಮಾತು ಮಾತ್ರ ಮನೆಯಲ್ಲಿ ಹುಟ್ಟಬೇಕೆಂದರೆ ಹೇಗೆ?

ಆ ಹಡಗಿನ ವ್ಯಾಪಾರದ ಪ್ರಮಾಣವನ್ನು ೧೫೩೫ರ ಸುಮಾರಿನ ಪೋರ್ಚುಗೀಸ್ ಲೇಖಕ ನೂನಿಜನು ಹೇಳುತ್ತಾನೆ. ವಿಜಯನಗರದ ಅರಸನು ವರ್ಷಕ್ಕೆ ಹೊರ್ಮುಜಿನವೂ ನಾಡತಳಿಯವೂ ಕೂಡಿ ೧೩,೦೦೦ ಕುದುರೆಗಳನ್ನು ಕೊಳ್ಳುತ್ತಿದ್ದನಂತೆ. ಸಾಳುವ ನರಸಿಂಹನು ಸಾವಿರ ಪರ್ದಾವುಗಳಿಗೆ ಮೂರರಂತೆ ಕೊಂಡು, ಸಮುದ್ರದಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಪೂರ್ಣ ಬೆಲೆ ಕೊಡುತ್ತಿದ್ದನಂತೆ! ಅದಕ್ಕೂ ಮೊದಲು, ಹದಿಮೂರನೆಯ ಶತಮಾನದ ಕೊನೆಯಲ್ಲಿ, ಮಾರ್ಕೊ ಪೋಲೋ ತಮಿಳುನಾಡಿನ ಕರಾವಳಿಯ ವಿಷಯದಲ್ಲಿ ಕಟುವಾದ ಮಾತೊಂದನ್ನು ಬರೆದಿದ್ದಾನೆ: ಅಲ್ಲಿ ಕುದುರೆಯ ಆರೈಕೆ ಬಲ್ಲವರಿಲ್ಲದೆ ಅವು ಸಾಯುತ್ತವೆ, ಮಾರುವವರು ಬಲ್ಲವರನ್ನು ಕರೆತರುವುದೂ ಇಲ್ಲ, ಹೋಗಗೊಡುವುದೂ ಇಲ್ಲ, ಸತ್ತಷ್ಟೂ ಅವರಿಗೆ ಲಾಭ. ಶಾಸ್ತ್ರವಿದ್ದ ದೇಶದಲ್ಲಿ ಆರೈಕೆ ಇರಲಿಲ್ಲವೆಂಬ ಈ ಆರೋಪದಲ್ಲಿ ಅತಿಶಯವಿರಬಹುದು. ಗ್ರಂಥಕ್ಕೂ ಲಾಯಕ್ಕೂ ನಡುವಣ ದೂರವನ್ನಂತೂ ಅದು ತೋರಿಸುತ್ತದೆ.

ಆ ದೂರವನ್ನು ಕಡಿಮೆಮಾಡಿದ್ದರಲ್ಲಿ ದಖ್ಖನದ ಸುಲ್ತಾನರ ಪಾಲು ಸಣ್ಣದಲ್ಲ. ಬಹಮನಿಯ ಅಹಮದ್ ಶಾಹನಿಗಾಗಿ ಅಬ್ದುಲ್ಲಾ ಬಿನ್ ಸಫಿ ಎಂಬವನು ಶಾಲಿಹೋತ್ರವನ್ನು ಪಾರಸಿಗೆ ತಂದನು. ಋಷಿಯ ಹೆಸರೇ ಮುಂದೆ ಹಿಂದುಸ್ತಾನಿಯಲ್ಲಿ ‘ಸಾಲೋತರಿ’ ಎಂದಾಗಿ ಕುದುರೆಯ ವೈದ್ಯನಿಗೆ ಸಾಮಾನ್ಯನಾಮವಾಯಿತು. ೧೪೯೦ರಿಂದ ೧೬೮೬ರವರೆಗೆ ಆದಿಲಶಾಹಿಗಳ ರಾಜಧಾನಿಯಾಗಿದ್ದ ವಿಜಯಪುರದಲ್ಲಿ ಈ ಎರಡು ಪ್ರವಾಹಗಳೂ ಕೂಡಿದವು. ಸರಕಾರದ ಕುದುರೆಯೇರಿದವನು ಬಾರಗೀರ, ಸ್ವಂತ ಕುದುರೆಯನ್ನು ತಂದವನು ಶಿಲೇದಾರ. ಈ ಭೇದವನ್ನು ಸೂಚಿಸಲು ನಮ್ಮ ಟಿಪ್ಪಣಿಕಾರರ ‘ರಾವುತ’ ಒಂದೇ ಸಾಲದು.

ಅಭಿನವಚಂದ್ರನ ಅಶ್ವವೈದ್ಯ, ೧೬೨೭ರ ಪದ್ಮಣ ಪಂಡಿತನ ಹಯಸಾರಸಮುಚ್ಚಯ ಮೊದಲಾದ ಕನ್ನಡ ಗ್ರಂಥಗಳನ್ನು ಓದುವವರು ಪಕ್ಕದಲ್ಲಿ ಅಮರಕೋಶದ ಜೊತೆಗೆ ಈ ಸೀಮೆಯ ಮಾತನ್ನೂ ಇಟ್ಟುಕೊಳ್ಳಬೇಕೆಂಬುದೇ ನಮ್ಮ ಕೋರಿಕೆ. ಆ ಮಾತು ವೇಗವಾಗಿ ಕರಗುತ್ತಿದೆ. ಅಥಣಿಯ ದಾರಿಯ ತಿಕೋಟಾದಲ್ಲಿಯೂ, ಸಾರವಾಡದ ಬಳಿ ಡೋಣಿಯನ್ನು ದಾಟಿ ಹೋಗುವ ಬಬಲೇಶ್ವರದಲ್ಲಿಯೂ ನಾವು ವಿಚಾರಿಸಿದಾಗ ಹಿರಿಯರ ಬಾಯಲ್ಲಿ ಲಗಾಮು, ನಾಗಾಲೋಟಗಳು ಬಂದವು, ಆದರೆ ಮನುಷ್ಯರನ್ನು ಕುರಿತ ಮಾತಾಗಿ. ಕುದುರೆ ಅದರೊಳಗಿಂದ ಇಳಿದುಹೋಗಿದೆ. ವಿಜಯಪುರದ ನಗರದಲ್ಲಿ ಟಾಂಗಾ ಹೊಡೆದು ಮುದುಕರಾದವರಲ್ಲಿ ಮಾತ್ರ ಅದು ಇನ್ನೂ ಕೆಲಸದ ಮಾತು: ಕಾಳು ತಿನ್ನಿಸುವ ಚೀಲ ತೋಬರಾ, ಮೈ ತಿಕ್ಕುವುದು ಖರಾರಾ, ಕಾಳಿನ ಪಡಿ ಚಂದಿ, ಹಿಂಗಾಲ ಹಗ್ಗ ಪಿಛಾಡಿ. ಕಿಟ್ಟೆಲರ ೧೮೯೪ರ ನಿಘಂಟಿನ ‘ಅಂಕವಣೆ’ಯನ್ನು ಅವರು ಅರಿಯರು, ಆದರೆ ರಿಕಾಬಿನ ಪಟ್ಟಿಯನ್ನು ಎಷ್ಟು ಉದ್ದ ಬಿಡಬೇಕೆಂದು ತೋಳನ್ನು ಚಾಚಿ ಅಳೆದು ತೋರಿಸಬಲ್ಲರು.

ನಮಗೆ ಹೆಚ್ಚು ಪ್ರಯೋಜನವಾದುದು ನಡೆಗಳ ವಿಷಯದಲ್ಲಿ. ಆಸ್ಕಂದಿತ, ಧೌರಿತಕ, ರೇಚಿತ, ವಲ್ಗಿತ, ಪ್ಲುತ ಎಂಬ ಐದು ಧಾರೆಗಳನ್ನು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಯಾವುದು ಯಾವುದೆಂದು ಕೇಳಿದರೆ ವ್ಯಾಖ್ಯಾನಗಳು ಜಗಳವಾಡುತ್ತವೆ. ಗೋಳಗುಮ್ಮಟದ ಎದುರಿಗೆ ನಿಂತಿದ್ದ ಒಬ್ಬ ಹಿರಿಯರನ್ನು ಕೇಳಿದೆವು. ಅವರು ಟಾಂಗಾದ ಹಲಗೆಯ ಮೇಲೆ ಬೆರಳಿನಿಂದ ಬಾರಿಸಿದರು: ಕದಮಿಗೆ ಬಿಡಿಬಿಡಿಯಾಗಿ ನಾಲ್ಕು ಪೆಟ್ಟು; ದುಡಕಿಗೆ ಎರಡೇ ಪೆಟ್ಟು, ಏಕೆಂದರೆ ಎದುರುಬದುರಿನ ಕಾಲುಗಳು ಜೊತೆಯಾಗಿ ಬೀಳುತ್ತವೆ. ನಾಗಾಲೋಟಕ್ಕೆ ಮತ್ತೆ ನಾಲ್ಕು, ಆದರೆ ಒಂದರ ಬೆನ್ನಿಗೊಂದು ಉರುಳುವಂತೆ. ನಾಲ್ಕು ಕಾಲಿನ ಓಟವೆಂದು ಆ ಪದಕ್ಕೆ ಹೇಳುವ ಅರ್ಥವು ಅಂದು ನಮ್ಮ ಕಿವಿಗೆ ಬಿದ್ದಿತು. ನಾಗಾಲೋಟವನ್ನು ಕಣ್ಣಾರೆ ತೋರಿಸಬಹುದೇ ಎಂದಾಗ ಅವರು ನಕ್ಕು, “ಟಾಂಗಾದ ಕುದರಿಗಿ ನಾಗಾಲೋಟ ಯಾಕ ಬೇಕ್ರಿ ಸರ? ದುಡಕಿ ಬಂದ್ರ ಸಾಕ್ರಿ” ಎಂದರು. ಧೌರಿತಕಕ್ಕೆ ನಮ್ಮ ಪ್ರತಿಯ ಅಂಚಿನಲ್ಲಿ ಅಂದೇ ‘ದುಡಕಿ?’ ಎಂದು ಬರೆದುಕೊಂಡಿದ್ದೇವೆ. ಆ ಪ್ರಶ್ನಾರ್ಥಕ ಚಿಹ್ನೆಯನ್ನು ಅಳಿಸಬೇಕೋ ಉಳಿಸಬೇಕೋ ಎಂಬುದನ್ನು ಹಳೆಯ ಓಲೆಗಳನ್ನು ನೋಡಿದ ವಿದ್ವಾಂಸರು ತಿಳಿಸಿದರೆ ಉಪಕೃತರಾಗುವೆವು.