ರೊಟ್ಟಿ ಬಿಟ್ಟದ್ದಷ್ಟೇ ಕಾರಣವೇ?

‘ಅಕ್ಕಿ ತಿಂದಾಂವ ಹಕ್ಕಿಯಂಗ, ಜೋಳ ತಿಂದಾಂವ ತೋಳನಂಗ’ ಎಂಬ ಗಾದೆ ನವಲಗುಂದ, ಅಣ್ಣಿಗೇರಿಯ ಎರಿ ಸೀಮೆಗೆ ಹೊಸದಲ್ಲ. ಮೊಮ್ಮಕ್ಕಳಿಗೆ ಹೊಟ್ಟೆ ಬಂದದ್ದಕ್ಕೂ ಹಿರಿಯರು ಬೈಯುವುದು ಅನ್ನವನ್ನೇ. ಬೈಗುಳದಲ್ಲಿ ಹುರುಳಿದೆ, ಆದರೆ ಲೆಕ್ಕ ಅರ್ಧಕ್ಕೇ ನಿಂತಿದೆ.

ಬೊಜ್ಜು ಏರುತ್ತಿರುವುದಂತೂ ನಿಜ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಅಧಿಕ ತೂಕ ಅಥವಾ ಬೊಜ್ಜು ಇರುವ ಮಹಿಳೆಯರು ಕರ್ನಾಟಕದಲ್ಲಿ 2015-16ರಲ್ಲಿ ಶೇ 23.3 ಇದ್ದರು, 2019-20ಕ್ಕೆ ಶೇ 30.1 ಆದರು. ಪುರುಷರು ಶೇ 22.1ರಿಂದ 30.9ಕ್ಕೆ ಹೋದರು.

100 ಗ್ರಾಂ ಜೋಳದಲ್ಲಿ ಸುಮಾರು 334 ಕ್ಯಾಲರಿ, ಪಾಲಿಷ್ ಅಕ್ಕಿಯಲ್ಲಿ 356. ಇಷ್ಟಕ್ಕೇ ಒಂದು ತಲೆಮಾರಿನ ಮೈಕಟ್ಟು ಬದಲಾಗದು. ದೊಡ್ಡ ಅಂತರ ನಾರಿನದು: ಜೋಳದಲ್ಲಿ 10 ಗ್ರಾಂ, ಅಕ್ಕಿಯಲ್ಲಿ 3ಕ್ಕೂ ಕಡಿಮೆ. ರೊಟ್ಟಿ, ಪುಂಡಿಪಲ್ಲೆ ಅಗಿದು ಉಂಡವರಿಗೆ ಹೊಟ್ಟೆ ತುಂಬಿದ್ದು ಗೊತ್ತಾಗುತ್ತದೆ; ಸಾರು-ಅನ್ನ ಎರಡನೇ ಸಲ ಬಡಿಸಿಕೊಂಡದ್ದೂ ನೆನಪಿರುವುದಿಲ್ಲ.

ಅಜ್ಜನ ಊಟವೇನೂ ಕಡಿಮೆಯಿರಲಿಲ್ಲ. ಬುತ್ತಿ ಕಟ್ಟಿಕೊಂಡು ಹೊಲಕ್ಕೆ ನಡೆದು, ಎತ್ತಿನ ಹಿಂದೆ ಕುಂಟಿ ಹೊಡೆದು, ಸುಗ್ಗಿಯಲ್ಲಿ ಜೋಳವನ್ನು ಬೇರುಸಹಿತ ಕಿತ್ತು, ಕಣದಲ್ಲಿ ಹಂತಿ ಹೊಡೆದು ಉಂಡದ್ದನ್ನು ಕರಗಿಸುತ್ತಿದ್ದ. ಕಲಘಟಗಿಯ ಭತ್ತದ ಸೀಮೆಯವರು ಅನ್ನ ಉಂಡೇ ಗದ್ದೆಯಲ್ಲಿ ಹಾಗೆ ದುಡಿದರು. ಈಗ ಟ್ರ್ಯಾಕ್ಟರ್, ರಾಶಿ ಮಷಿನ್, ಕಳೆನಾಶಕ ಬಂದಿವೆ, ಹೊಲಕ್ಕೂ ಬೈಕ್. ದುಡಿಮೆ ಇಳಿಯಿತು, ತಾಟು ಇಳಿಯಲಿಲ್ಲ. ಮೇಲೆ ಸಂಜೆಯ ಮಿರ್ಚಿ ಭಜಿ, ಸಕ್ಕರೆ ಚಹಾ.

ಹಾಗೆಂದು ‘ಮತ್ತೆ ರೊಟ್ಟಿಗೆ ಮರಳಿ’ ಎನ್ನುವವರು ಒಲೆಯ ಮುಂದೆ ಕೂತವಳನ್ನು ನೋಡಬೇಕು. ಕುದಿವ ಎಸರು ಸುರಿದ ಹಿಟ್ಟನ್ನು ಬಿಸಿಯಿರುವಾಗಲೇ ನಾದಬೇಕು, ಒಂದೊಂದಾಗಿ ತಟ್ಟಬೇಕು, ಹಂಚಿಗೆ ಹಾಕಿ ನೀರು ಸವರಬೇಕು. ಕಳೆ ತೆಗೆಯಲು ಬೆಳಿಗ್ಗೆಯೇ ಕೂಲಿಗೆ ಹೊರಡುವವಳು ಅನ್ನಕ್ಕಿಟ್ಟರೆ ಅದು ಸೋಮಾರಿತನವಲ್ಲ.

ಆ ಅಕ್ಕಿಯನ್ನು ರೇಷನ್ನಿನಲ್ಲಿ ಕೊಡುವ, 2013ರ ಜುಲೈಯಲ್ಲಿ ಶುರುವಾದ ಅನ್ನಭಾಗ್ಯ ಯೋಜನೆ ಬಡವರ ಮನೆಯ ಹಸಿವಿನ ಭಯವನ್ನು ತಗ್ಗಿಸಿತು. ಅದು ಸಣ್ಣ ಸಾಧನೆಯಲ್ಲ. ಆದರೆ ಜೋಳ ಬೆಳೆಯುವ ನೆಲಕ್ಕೂ ಮುಖ್ಯವಾಗಿ ಅಕ್ಕಿಯನ್ನೇ ಕೊಟ್ಟದ್ದು ಅದರ ದೊಡ್ಡ ಕೊರತೆ. ಬೊಜ್ಜು ಅಳೆಯುವ ವ್ಯವಸ್ಥೆಯೇನೋ ಇದೆ: ಆಶಾ ಕಾರ್ಯಕರ್ತೆಯರು ತುಂಬುವ ನಮೂನೆಯಲ್ಲಿ 30 ವರ್ಷ ದಾಟಿದವರ ಸೊಂಟದ ಸುತ್ತಳತೆಗೂ ಜಾಗವಿದೆ. ಅಳತೆ ಮಾಡಿ ‘ಅನ್ನ ಕಡಿಮಿ ಮಾಡ್ರಿ’ ಎಂದರೆ, ಮನೆಯಲ್ಲಿರುವುದು ರೇಷನ್ ಅಕ್ಕಿಯ ಚೀಲವೇ. ಬೆಂಬಲ ಬೆಲೆಗೆ ಕೊಂಡ ಹಿಂಗಾರಿ ಜೋಳವನ್ನು ಮಹಿಳಾ ಸ್ವಸಹಾಯ ಸಂಘಗಳಿಗೆ ಕೊಟ್ಟು, ಅವರು ತಟ್ಟಿದ ರೊಟ್ಟಿಯನ್ನು ಒಳ್ಳೆಯ ಕೂಲಿಯೊಂದಿಗೆ ಶಾಲೆಯ ಬಿಸಿಯೂಟಕ್ಕೆ ಕೊಳ್ಳುವುದನ್ನು ಕುಂದಗೋಳದಂಥ ಒಂದು ತಾಲ್ಲೂಕಿನಿಂದಲೇ ಆರಂಭಿಸಬಹುದು.