ಕಾಲಯಾನ ಸರಿಪಡಿಸದ ಸ್ನೇಹ

ಅಮೆರಿಕದ ಲೇಖಕಿ ರೆಬೆಕಾ ಸ್ಟೆಡ್ ಅವರ ‘ವೆನ್ ಯು ರೀಚ್ ಮಿ’ ಕಾದಂಬರಿ ಪ್ರಕಟವಾದದ್ದು 2009ರಲ್ಲಿ. ಅಲ್ಲಿನ ಗ್ರಂಥಾಲಯ ಸಂಘದ ಮಕ್ಕಳ ವಿಭಾಗವು ವರ್ಷಕ್ಕೊಮ್ಮೆ ಬಾಲಸಾಹಿತ್ಯದ ಶ್ರೇಷ್ಠ ಕೃತಿಗೆ ನೀಡುವ ನ್ಯೂಬೆರಿ ಪದಕ ಮರುವರ್ಷವೇ ಅದಕ್ಕೆ ಸಂದಿತು. ಈ ಕೃತಿಯನ್ನು ಸಾಮಾನ್ಯವಾಗಿ ಕಾಲಯಾನದ ಕತೆಯೆಂದು, ಅಂದರೆ ಮುಂದಿನ ಕಾಲದಿಂದ ಹಿಂದಿನ ಕಾಲಕ್ಕೆ ಬಂದವನೊಬ್ಬನ ಕತೆಯೆಂದು ಪರಿಚಯಿಸಲಾಗುತ್ತದೆ. ಈ ಪರಿಚಯ ಸುಳ್ಳೇನಲ್ಲವಾದರೂ ಕೃತಿಯ ನಿಜವಾದ ಸತ್ವವನ್ನು ಬೇರೆಡೆ ಹುಡುಕಬೇಕಾಗುತ್ತದೆ. ಹನ್ನೆರಡರ ಆಸುಪಾಸಿನ ಮಕ್ಕಳ ಸ್ನೇಹವು ಯಾರ ಅಪರಾಧವೂ ಇಲ್ಲದೆ ಮುರಿದುಬೀಳಬಲ್ಲದೆಂಬುದನ್ನು ಇಷ್ಟು ನಿರ್ದಾಕ್ಷಿಣ್ಯವಾಗಿ ತೋರಿಸಿದ ಮಕ್ಕಳ ಕಾದಂಬರಿಗಳು ವಿರಳ.

ಕತೆ ನಡೆಯುವುದು 1978–79ರ ನ್ಯೂಯಾರ್ಕ್ ನಗರದ ಅಪ್ಪರ್ ವೆಸ್ಟ್ ಸೈಡ್ ಎಂಬ ಭಾಗದಲ್ಲಿ. ಆರನೆಯ ತರಗತಿಯ ಮಿರಾಂಡ ಮತ್ತು ಅದೇ ಕಟ್ಟಡದ ಕೆಳಮನೆಯ ಸಾಲ್, ತಂದೆಯರಿಲ್ಲದ ಮನೆಗಳಲ್ಲಿ ತಾಯಂದಿರ ಆರೈಕೆಯಲ್ಲಿ ಬೆಳೆಯುತ್ತಿರುವ, ಎಳವೆಯಿಂದಲೂ ಒಬ್ಬರನ್ನೊಬ್ಬರು ಬಿಟ್ಟಿರದ ಜೋಡಿ. ಒಂದು ದಿನ ಶಾಲೆಯಿಂದ ಮರಳುವಾಗ ಮಾರ್ಕಸ್ ಎಂಬ ಅಪರಿಚಿತ ಹುಡುಗ ವಿನಾಕಾರಣ ಸಾಲ್‌ನನ್ನು ಗುದ್ದುತ್ತಾನೆ. ಅಂದಿನಿಂದ ಸಾಲ್ ಮಿರಾಂಡಳೊಂದಿಗೆ ಮಾತು ಬಿಡುತ್ತಾನೆ. ಬಳಿಕ ಅವಳಿಗೆ ಒಂದರ ಹಿಂದೊಂದು ಚೀಟಿಗಳು ಸಿಗತೊಡಗುತ್ತವೆ. ಗೆಳೆಯನ ಪ್ರಾಣ ಉಳಿಸಲು ತಾನು ಬರುತ್ತಿರುವುದಾಗಿ ತಿಳಿಸುವ ಆ ಅನಾಮಿಕ, ನಡೆದುದನ್ನೆಲ್ಲ ಪತ್ರವಾಗಿ ಬರೆದುಕೊಡಬೇಕೆಂದು ಕೇಳುತ್ತಾನೆ. ಇಡೀ ಕಾದಂಬರಿ ಆ ಪತ್ರದ ರೂಪದಲ್ಲಿದ್ದು, ಅದರಲ್ಲಿ ‘ನೀನು’ ಎಂದು ಸಂಬೋಧಿತನಾದವನು ಯಾರೆಂಬುದು ಬಹುಕಾಲ ಗುಟ್ಟಾಗಿಯೇ ಉಳಿಯುತ್ತದೆ.

ಸ್ಟೆಡ್ ಅವರ ಕೌಶಲ ಎದ್ದುಕಾಣುವುದು ಈ ಗುಟ್ಟನ್ನು ಮರೆಯಾಗಿ ಬಳಸಿಕೊಂಡಿರುವುದರಲ್ಲಿ. ಓದುಗರು ಚೀಟಿಗಳ ಮೂಲವನ್ನು ಹುಡುಕುತ್ತಿರುವಾಗ ಸಾಲ್ ದೂರವಾದದ್ದೇಕೆ ಎಂಬ ಪ್ರಶ್ನೆಗೆ ಉತ್ತರ ಆಗಲೇ ಸಿಕ್ಕಿದೆಯೆಂದು ಮಿರಾಂಡಳಂತೆಯೇ ನಂಬಿಬಿಡುತ್ತಾರೆ: ಎಲ್ಲಕ್ಕೂ ಆ ಗುದ್ದೇ ಕಾರಣ. ಆದರೆ ಗುದ್ದು ಬೀಳುವ ಮೊದಲೇ ಸಾಲ್ ದೂರ ಸರಿಯಬೇಕೆಂದುಕೊಂಡಿದ್ದ. ಅವಳ ಹೊರತಾಗಿಯೂ ತನಗೆ ಗೆಳೆಯರು ಬೇಕು ಎಂಬುದಷ್ಟೇ ಅವನ ಕಾರಣ. ಕೊನೆಗೆ ಬಯಲಾಗುವ ಈ ಸಂಗತಿ ಕಾಲಯಾನದ ರಹಸ್ಯಕ್ಕಿಂತ ಹೆಚ್ಚು ನೋಯಿಸುತ್ತದೆ, ಏಕೆಂದರೆ ಅದರಲ್ಲಿ ದೂರಲು ಯಾರೂ ಇಲ್ಲ. ಗುದ್ದಿದವನ ಮೇಲೆ ಸಿಟ್ಟಾಗಬಹುದು; ಬೇರೆ ಗೆಳೆಯರು ಬೇಕೆಂದವನ ಮೇಲೆ ಸಿಟ್ಟಾಗಲು ಯಾವ ಹಕ್ಕಿದೆ?

ಮಿರಾಂಡ ಬರಿಯ ನೊಂದವಳಾಗಿ ಉಳಿಯುವುದಿಲ್ಲ ಎಂಬುದು ಕೃತಿಯ ಇನ್ನೊಂದು ಹಿರಿಮೆ. ಸಾಲ್ ದೂರವಾದ ಮೇಲೆ ಅವಳು ಸಹಪಾಠಿ ಆನ್‌ಮೇರಿಯ ಸ್ನೇಹ ಗಳಿಸುವುದು, ಆನ್‌ಮೇರಿ ಮತ್ತು ಅವಳ ಗೆಳತಿ ಜೂಲಿಯಾ ನಡುವೆ ಬಿರುಕು ಬಿಟ್ಟ ಹೊತ್ತಿನಲ್ಲಿ. ಜೂಲಿಯಾ ಸಿರಿವಂತರ ಮನೆಯ ಹುಡುಗಿ, ಸ್ವಿಟ್ಜರ್ಲೆಂಡಿನ ಮಾತು ಬಿಟ್ಟರೆ ಬೇರೆ ಮಾತಿಲ್ಲದ ಜಂಬಗಾತಿ ಎಂಬುದು ನಿರೂಪಕಿಯ ತೀರ್ಪು. ಓದುಗರೂ ಅದನ್ನು ಸುಲಭವಾಗಿ ಒಪ್ಪಿಬಿಡುತ್ತಾರೆ. ತಾನು ಸಾಲ್‌ಗಾಗಿ ಹಂಬಲಿಸುವಂತೆಯೇ ಜೂಲಿಯಾ ಆನ್‌ಮೇರಿಗಾಗಿ ಹಂಬಲಿಸುತ್ತಿದ್ದಾಳೆಂದು ಮಿರಾಂಡಳಿಗೆ ತಡವಾಗಿ ಹೊಳೆದಾಗ, ಹಿಂದಿನ ಪುಟಗಳಲ್ಲಿ ಅವಳ ಜೊತೆ ನಕ್ಕ ಓದುಗರಿಗೂ ಮುಜುಗರವಾಗುತ್ತದೆ. ಶೌಚಕ್ಕೆ ಹೋಗಬೇಕೆಂದು ಬಾಯಿಬಿಟ್ಟು ಕೇಳಲಾಗದೆ ತರಗತಿಯಲ್ಲಿ ಚಡಪಡಿಸುವ ಆಲಿಸ್ ಎಂಬ ಹುಡುಗಿಯ ಪ್ರಸಂಗ ಕೇವಲ ಕೆಲವು ಸಾಲುಗಳದ್ದು. ಮೊದಲು ಅವಳನ್ನು ಗೇಲಿಯ ಕಣ್ಣಿನಿಂದ ನೋಡಿದ ಮಿರಾಂಡ ಮುಂದೆ ತಾನೇ ಜೊತೆಗೆ ಹೋಗಲು ಮುಂದಾಗುತ್ತಾಳೆ. ಈ ಬದಲಾವಣೆಗೆ ಯಾವ ಅದ್ಭುತವೂ ಬೇಕಾಗಿಲ್ಲವೆಂಬುದು ಗಮನಾರ್ಹ.

ಹಾಗಿದ್ದರೆ ಅದ್ಭುತದ, ಅಂದರೆ ನಿಸರ್ಗನಿಯಮಕ್ಕೆ ಹೊರತಾದ ಘಟನೆಯ, ಪಾತ್ರವೇನು? ಅದೇ 2009ರಲ್ಲಿ ಬಂದ ವೆಂಡಿ ಮಾಸ್ ಅವರ ‘11 ಬರ್ತ್‌ಡೇಸ್’ ಕಾದಂಬರಿಯೊಡನೆ ಹೋಲಿಸಿದರೆ ವ್ಯತ್ಯಾಸ ತಿಳಿಯುತ್ತದೆ. ಅಲ್ಲಿ ಒಂದೇ ದಿನ ಹುಟ್ಟಿ, ಜಗಳವಾಡಿ ಮಾತುಬಿಟ್ಟ ಅಮಾಂಡ ಮತ್ತು ಲಿಯೋ ಇಬ್ಬರಿಗೂ ಹನ್ನೊಂದನೆಯ ಹುಟ್ಟುಹಬ್ಬ ಮುಗಿಯದೆ ಮತ್ತೆ ಮತ್ತೆ ಮರಳುತ್ತದೆ, ಆ ಮಂತ್ರವೇ ಅವರನ್ನು ಒಂದುಗೂಡಿಸುತ್ತದೆ. ಲವಲವಿಕೆಯ ಕೃತಿಯೇ ಹೌದು, ಆದರೆ ಅಲ್ಲಿ ಮಂತ್ರವು ರಾಜಿ ಪಂಚಾಯಿತಿಯ ಹಿರಿಯನ ಕೆಲಸ ಮಾಡುತ್ತದೆ. ಸ್ಟೆಡ್ ಅವರಲ್ಲಿ ಕಾಲಯಾನಿ ಸಾಲ್‌ನ ಪ್ರಾಣ ಉಳಿಸುತ್ತಾನೆಯೇ ಹೊರತು ಸ್ನೇಹವನ್ನು ಮರಳಿಸುವುದಿಲ್ಲ. ಲಾರಿಯ ದಾರಿಯಿಂದ ಸಾಲ್‌ನನ್ನು ಒದ್ದು ತಳ್ಳಿ ತಾನು ಸಾಯುವ, ಬೀದಿಮೂಲೆಯಲ್ಲಿ ಹುಚ್ಚನಂತೆ ನಗುತ್ತಿದ್ದ ಮುದುಕನೇ ವಯಸ್ಸಾದ ಮಾರ್ಕಸ್ ಎಂದು ತಿಳಿದ ಮೇಲೂ ಇಬ್ಬರು ಗೆಳೆಯರು ಹಳೆಯ ಜೋಡಿಯಾಗುವುದಿಲ್ಲ. ಅದ್ಭುತವು ಮಿರಾಂಡಳಿಂದ ಕೇಳುವುದು ಒಂದು ಬರಹವನ್ನು. ಬರೆಯಲು ಕುಳಿತವಳು ನಡೆದುದನ್ನು ಕ್ರಮವಾಗಿ ನೆನೆಯಲೇಬೇಕಾಗುತ್ತದೆ, ಹಾಗೆ ನೆನೆಯುವಾಗ ಉಳಿದವರ ಮುಖಗಳನ್ನೂ ನೋಡಬೇಕಾಗುತ್ತದೆ. ಮ್ಯಾಡೆಲೀನ್ ಲೆಂಗಲ್ ಅವರ ‘ಎ ರಿಂಕಲ್ ಇನ್ ಟೈಮ್’ (1962) ಅವಳ ಅಚ್ಚುಮೆಚ್ಚಿನ ಪುಸ್ತಕ. ಹೊರಟದ್ದಕ್ಕಿಂತ ಮೊದಲೇ ಮನೆಗೆ ಮರಳುವವರು ಹೊರಡುವಾಗಲೇ ತಮ್ಮನ್ನು ತಾವು ಕಂಡಿರಬೇಕಲ್ಲವೇ ಎಂದು ಮಾರ್ಕಸ್ ಅದರಲ್ಲೊಂದು ತರ್ಕದೋಷ ತೋರಿಸಿದಾಗ, ಗೆಳೆಯನನ್ನು ಗುದ್ದಿದವನು ಅವಳಿಗೆ ಮೊದಲ ಬಾರಿ ಯೋಚಿಸುವ ಹುಡುಗನಾಗಿ ಕಾಣುತ್ತಾನೆ. ಮುಂದೆ ಕಾಲದ ಸ್ವರೂಪವನ್ನು ತನ್ನ ಉಂಗುರದ ಹರಳುಗಳ ಮೂಲಕ ವಿವರಿಸುವವಳು ಜೂಲಿಯಾ. ಮಿರಾಂಡ ತಿರಸ್ಕರಿಸಿದವರೇ ಅವಳಿಗೆ ಈ ಕತೆಯ ಕೀಲಿಯನ್ನು ಕೊಡುತ್ತಾರೆ.

ದೋಷಗಳಿಲ್ಲವೆಂದಲ್ಲ. ಕತೆಗೆ ಬಂದ ಪ್ರತಿಯೊಂದು ವಸ್ತುವೂ ಕೊನೆಯಲ್ಲಿ ಉಪಯೋಗಕ್ಕೆ ಬರುವ ಹೆಣಿಗೆ ಎಷ್ಟು ಬಿಗಿಯಾಗಿದೆಯೆಂದರೆ, ಮಕ್ಕಳ ದಿನಚರಿಯಲ್ಲಿ ಸಹಜವಾಗಿರಬೇಕಾದ ನಿರುಪಯೋಗಿ ಸಂಗತಿಗಳಿಗೆ ಅಲ್ಲಿ ಜಾಗವೇ ಉಳಿದಿಲ್ಲ. ಹೆಚ್ಚು ಕಾಡುವ ಕೊರತೆ ಜಿಮ್ಮಿಯ ಪ್ರಸಂಗದಲ್ಲಿದೆ. ಮಕ್ಕಳು ಊಟದ ವಿರಾಮದಲ್ಲಿ ಕೆಲಸಮಾಡುವ ಸ್ಯಾಂಡ್‌ವಿಚ್ ಅಂಗಡಿಯ ಒಡೆಯ ಜಿಮ್ಮಿ, ತನ್ನ ಹಣದ ಡಬ್ಬಿ ಕಳುವಾದಾಗ ಕಂದುಬಣ್ಣದ ಜೂಲಿಯಾಳ ಮೇಲೆ ಅನುಮಾನಪಟ್ಟು ಅವಳನ್ನು ಹೀಯಾಳಿಸುತ್ತಾನೆ. ಆ ಹೀಯಾಳಿಕೆ ಮೈಬಣ್ಣದ್ದೆಂದು ಮಿರಾಂಡಳಿಗೆ ಆನ್‌ಮೇರಿಯೇ ತಿಳಿಸಿಹೇಳಬೇಕಾಗುತ್ತದೆ. ಬಿಳಿಯ ಹುಡುಗಿಯ ಈ ಅರಿವಿನ ಕೊರತೆಯನ್ನು ಕೃತಿ ಪ್ರಾಮಾಣಿಕವಾಗಿ ಚಿತ್ರಿಸಿದರೂ ಮುಂದಿನ ತಿರುವಿಗೆ ಧಾವಿಸುವ ಅವಸರದಲ್ಲಿ ಅದನ್ನು ಅಲ್ಲಿಗೇ ಬಿಡುತ್ತದೆ. ಇತರರನ್ನು ಕಾಣಲು ಕಲಿಯುವುದೇ ಪತ್ರದ ಕೆಲಸವಾಗಿರುವಾಗ, ಕಳ್ಳತನದ ಕಳಂಕ ಹೊತ್ತವಳಿಗೆ ಆ ದಿನ ಹೇಗಿತ್ತೆಂಬ ಪ್ರಶ್ನೆಗೆ ಅದರಲ್ಲಿ ಇನ್ನಷ್ಟು ಪುಟಗಳು ಸಲ್ಲಬೇಕಿತ್ತು.