ಕಿಲಿಕಿ: ಕಟ್ಟಿದ ನುಡಿಯೊಂದರ ಧ್ವನಿ ಮತ್ತು ವ್ಯಾಕರಣ

ಭಾಷೆ ಬೆಳೆಯುವ ವಸ್ತುವೇ ಹೊರತು ಕಟ್ಟುವ ವಸ್ತುವಲ್ಲವೆಂಬುದು ಸಾಮಾನ್ಯವಾದ ನಂಬಿಕೆ. ಆದರೂ ನುಡಿಯನ್ನು ಬುದ್ಧಿಪೂರ್ವಕವಾಗಿ ಕಟ್ಟುವ ಸಾಹಸಗಳು ನಡೆದೇ ಇವೆ. ಜಗತ್ತಿನ ಜನರ ನಡುವೆ ಸೌಹಾರ್ದ ಬೆಳೆಯಲೆಂದು 1887ರಲ್ಲಿ ಜಾಮೆನ್‌ಹಾಫ್ ಎಸ್ಪೆರಾಂಟೊವನ್ನು ಪ್ರಕಟಿಸಿದನು. ಅದಕ್ಕೆ ಸುಮಾರು ನೂರು ವರ್ಷಗಳ ತರುವಾಯ, 1984ರ ಒಂದು ಆಂಗ್ಲ ಚಲನಚಿತ್ರಕ್ಕಾಗಿ ಮಾರ್ಕ್ ಒಕ್ರಾಂಡ್ ಎಂಬ ಭಾಷಾವಿಜ್ಞಾನಿ ಅನ್ಯಗ್ರಹವಾಸಿಗಳ ಕ್ಲಿಂಗಾನ್ ನುಡಿಯನ್ನು ರಚಿಸಿದನು. ಮೊದಲನೆಯದು ಎಲ್ಲರೂ ಆಡಲೆಂದು ಹುಟ್ಟಿದ್ದು. ಎರಡನೆಯದು ಯಾರಿಗೂ ತಿಳಿಯದಿರಲೆಂದು ಹುಟ್ಟಿದ್ದು. ಚೆನ್ನೈಯ ಕವಿ ಮದನ್ ಕಾರ್ಕಿಯವರು 'ಬಾಹುಬಲಿ' ಚಿತ್ರಕ್ಕಾಗಿ ನಿರ್ಮಿಸಿದ 'ಕಿಲಿಕಿ' ಈ ಎರಡನೆಯ ಪಂಗಡಕ್ಕೆ ಸೇರಿದ್ದು.

2015ರಲ್ಲಿ ತೆರೆಕಂಡ ಆ ಚಿತ್ರವು ತೆಲುಗು, ತಮಿಳುಗಳೆರಡರಲ್ಲಿಯೂ ತಯಾರಾಯಿತು. ಅದರಲ್ಲಿ ಮಾಹಿಷ್ಮತಿಯ ಮೇಲೆ ದಂಡೆತ್ತಿ ಬರುವ ಕಾಲಕೇಯರ ಮಾತು ಕಿಲಿಕಿ. ಅಣ್ಣಾ ವಿಶ್ವವಿದ್ಯಾಲಯದಲ್ಲಿ ಗಣಕವಿಜ್ಞಾನದ ಅಧ್ಯಾಪಕರಾಗಿದ್ದ ಕಾರ್ಕಿಯವರು ಇದಕ್ಕೆ ಸುಮಾರು 750 ಶಬ್ದಗಳನ್ನೂ 40 ವ್ಯಾಕರಣ ನಿಯಮಗಳನ್ನೂ ಒದಗಿಸಿದರು. ಬಾಯಿಗೆ ಬಂದ ಶಬ್ದಗಳನ್ನು ಅರಚಿಸಿ ಕಾಡುಜನರ ಮಾತೆಂದು ತೋರಿಸುತ್ತಿದ್ದ ಚಲನಚಿತ್ರಗಳ ರೂಢಿಯನ್ನು ನೆನೆದರೆ, ಇದು ಸಣ್ಣ ಕೆಲಸವಲ್ಲ. ನಿಯಮವಿರುವಲ್ಲಿ ಮಾತ್ರ ತಪ್ಪು ಸಾಧ್ಯ. ತಪ್ಪು ಮಾಡಲು ಅವಕಾಶವಿರುವ ಉಕ್ತಿಯೇ ಭಾಷೆ. ಈ ಪರೀಕ್ಷೆಯಲ್ಲಿ ಕಿಲಿಕಿ ಗೆದ್ದಿದೆ.

ಇನ್ನು ಧ್ವನಿಯ ವಿಚಾರ. ಕಾಲಕೇಯರು ಕ್ರೂರಿಗಳೆಂಬ ಕಾರಣದಿಂದ ಅವರ ಬಾಯಲ್ಲಿ ಪರುಷವರ್ಣಗಳನ್ನೂ ನಾಲಗೆಯನ್ನು ಲೊಚಗುಟ್ಟಿಸುವ ಸದ್ದುಗಳನ್ನೂ ಇರಿಸಲಾಗಿದೆ. ಕನ್ನಡಿಗರೂ ಲೊಚಗುಟ್ಟುವುದುಂಟು, ಆದರೆ ಅದು ಮರುಕಕ್ಕೆ, ಇಲ್ಲವೆ ಎತ್ತುಗಳನ್ನು ಹುರಿದುಂಬಿಸುವುದಕ್ಕೆ. ನಮ್ಮ ವರ್ಣಮಾಲೆಯಲ್ಲಿ ಅದಕ್ಕೆ ಸ್ಥಾನವಿಲ್ಲ. ದಕ್ಷಿಣ ಆಫ್ರಿಕದ ಜುಲು, ಖೋಸಾ ಭಾಷೆಗಳಲ್ಲಾದರೋ ಅದೇ ಸದ್ದು ಕಕಾರ ತಕಾರಗಳಂತೆ ಒಂದು ವ್ಯಂಜನ. ನೆಲ್ಸನ್ ಮಂಡೇಲಾರ ತಾಯ್ನುಡಿ ಖೋಸಾ. ಆದುದರಿಂದ ಈ ಧ್ವನಿಗೆ ಕ್ರೌರ್ಯವನ್ನು ಆರೋಪಿಸಲು ಭಾಷಾಶಾಸ್ತ್ರದಲ್ಲಿ ಆಧಾರವಿಲ್ಲ. ಕಿಲಿಕಿಯ ಹುಟ್ಟೇ ಇದಕ್ಕೆ ಸಾಕ್ಷಿ ನುಡಿಯುತ್ತದೆ. ಕಾರ್ಕಿಯವರು ಆಸ್ಟ್ರೇಲಿಯಾದಲ್ಲಿ ಸಂಶೋಧನ ವಿದ್ಯಾರ್ಥಿಯಾಗಿದ್ದಾಗ ಮಕ್ಕಳೊಡನೆ ಆಡಲು ಕಟ್ಟಿದ 'ಕ್ಲಿಕ್' ಎಂಬ ಪುಟ್ಟ ಆಟದ ನುಡಿಯೇ ಇದರ ಬೀಜ. ಮಕ್ಕಳನ್ನು ನಗಿಸಿದ ಸದ್ದೇ ಯುದ್ಧಭೂಮಿಯಲ್ಲಿ ಭಯವನ್ನು ಹುಟ್ಟಿಸಬೇಕಾಯಿತು. ಭಯವಿದ್ದುದು ವೇಷದಲ್ಲಿ, ವರ್ಣದಲ್ಲಲ್ಲ. ಕ್ಲಿಂಗಾನಿನ ನಿದರ್ಶನವೂ ಇಂಥದೇ. ಆಂಗ್ಲರ ಕಿವಿಗೆ ವಿಲಕ್ಷಣವೆನಿಸಲೆಂದು ಅಲ್ಲಿ ಆರಿಸಿಕೊಂಡ ಧ್ವನಿಗಳಲ್ಲಿ ಮೂರ್ಧನ್ಯ ಡಕಾರವೂ ಒಂದು. ಕನ್ನಡದ ಕೂಸು 'ಆಡು' 'ಓಡು' ಎನ್ನುವಾಗ ಉಚ್ಚರಿಸುವ ಅಕ್ಷರವೇ ಅಲ್ಲಿ ಅನ್ಯಗ್ರಹದ ಗುರುತಾಯಿತು!

ವ್ಯಾಕರಣದಲ್ಲಿ ಗಮನಾರ್ಹವಾದುದು ವಿಲೋಮದ ಸೂತ್ರ. 'ಮಿನ್' ಎಂದರೆ ನಾನು. ವರ್ಣಗಳನ್ನು ಹಿಂದುಮುಂದಾಗಿಸಿದ 'ನಿಮ್' ಎಂದರೆ ನೀನು. ಎಸ್ಪೆರಾಂಟೊದಲ್ಲಿ 'ಬೋನಾ' ಒಳ್ಳೆಯದು, 'ಮಾಲ್‌ಬೋನಾ' ಕೆಟ್ಟದು. ಅಲ್ಲಿ ಒಂದು ಉಪಸರ್ಗ ಮಾಡುವ ಕೆಲಸವನ್ನು ಇಲ್ಲಿ ಶಬ್ದದ ತಿರುವು ಮಾಡುತ್ತದೆ. ಇದರಲ್ಲಿ ಗಣಕವಿಜ್ಞಾನಿಯ ಮಿತವ್ಯಯದ ಜಾಣ್ಮೆಯಿದೆ. ನಟರಿಗೆ ನೆನಪಿನ ಹೊರೆಯೂ ಕಡಮೆಯಾಗುತ್ತದೆ. ಆದರೆ ಸಹಜಭಾಷೆಗಳು ಈ ದಾರಿಯನ್ನು ಹಿಡಿದಿಲ್ಲ. 'ಬಿಸಿ' ಎಂಬುದನ್ನು ತಿರುಗಿಸಿದರೆ 'ತಂಪು' ಆಗದು. ಅಲ್ಲದೆ, ಹಿಂದಿನಿಂದಲೂ ಮುಂದಿನಿಂದಲೂ ಒಂದೇ ಆಗಿರುವ ಶಬ್ದಕ್ಕೆ ಇಂಥ ಸೂತ್ರದಲ್ಲಿ ವಿರುದ್ಧಪದವೇ ದೊರೆಯದು.

ಇದಕ್ಕಿಂತ ಗಹನವಾದ ಪ್ರಶ್ನೆ ಇನ್ನೊಂದಿದೆ. ನೀನು ಎಂಬುದು ನಾನು ಎಂಬುದರ ವಿರುದ್ಧಾರ್ಥವೇ? ಹಳಗನ್ನಡದ 'ಆನ್' 'ನೀನ್'ಗಳು ಬೇರೆಬೇರೆಯಾಗಿ ಆರಂಭವಾಗುತ್ತಿದ್ದುವು. ಹೊಸಗನ್ನಡದಲ್ಲಿ ಮೊದಲನೆಯದು 'ನಾನು' ಆಗಿ ಎರಡನೆಯದರ ನಕಾರವನ್ನೇ ಪಡೆಯಿತು. ಈಗ ಅವುಗಳ ನಡುವಿನ ಅಂತರ ಒಂದು ಸ್ವರದಷ್ಟು ಮಾತ್ರ. ಕಿಲಿಕಿಯಲ್ಲಾದರೋ ನೀನು ಎಂದರೆ ಬುಡಮೇಲಾದ ನಾನು. ಯುದ್ಧಕ್ಕೆಂದೇ ಹುಟ್ಟಿದ ನುಡಿಗೆ ಇದು ಒಪ್ಪುವ ವ್ಯಾಕರಣವೇ ಸರಿ. ಸಂಸಾರ ನಡೆಸುವ ನುಡಿಗೆ ಇದು ಸಾಲದು. ಆಕಸ್ಮಿಕವೋ ಏನೋ, 'ನಿಮ್' ಎಂಬ ರೂಪ ಕನ್ನಡಿಗನ ಕಿವಿಗೆ 'ನಿಮ್ಮ' ಎಂಬ ಗೌರವದ ಮಾತನ್ನೇ ನೆನಪಿಸುತ್ತದೆ.

ಪರಕೀಯನ ಮಾತನ್ನು ರಂಗದ ಮೇಲೆ ಗದ್ದಲವನ್ನಾಗಿ ಕೇಳಿಸುವ ಪದ್ಧತಿ ಹೊಸದೇನಲ್ಲ. ಗ್ರೀಕರ 'ಬಾರ್ಬರೋಸ್' ಶಬ್ದವೇ ತಿಳಿಯದ ಮಾತಿನ ಅನುಕರಣೆಯಿಂದ ಬಂದುದು. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ದೊರೆತು 1903ರಲ್ಲಿ ಪ್ರಕಟವಾದ ಗ್ರೀಕ್ ಪ್ರಹಸನವೊಂದರಲ್ಲಿ ಭಾರತದ ಕರಾವಳಿಯ ರಾಜನೂ ಅವನ ಪರಿವಾರವೂ ಗ್ರೀಕಲ್ಲದ ನುಡಿಯನ್ನಾಡುತ್ತಾರೆ. ಮದರಾಸು ಸರ್ಕಾರದ ಶಾಸನತಜ್ಞರಾಗಿದ್ದ ಹುಲ್ಟ್ಷ್ ಅದು ಕನ್ನಡವೆಂದು 1904ರಲ್ಲಿ ಸೂಚಿಸಿದರು; ಆರ್. ಶಾಮಶಾಸ್ತ್ರಿಗಳೂ ಮಂಜೇಶ್ವರದ ಗೋವಿಂದ ಪೈಗಳೂ ಆ ಪಕ್ಷವನ್ನು ಹಿಡಿದರು. ಬಾರ್ನೆಟ್ 1926ರಲ್ಲಿ ಅದನ್ನು ಅಲ್ಲಗಳೆದರು. ಅದು ತುಳುವೆಂಬ ವಾದವೂ ಮುಂದೆ ಬಂದಿತು. ವಿವಾದ ಇತ್ಯರ್ಥವಾಗಿಲ್ಲ. ಆದರೆ ಹುಲ್ಟ್ಷರ ಮಾತು ನಿಜವಾಗಿದ್ದರೆ, ಅಂದಿನ ಗ್ರೀಕ್ ಪ್ರೇಕ್ಷಕನಿಗೆ ಕನ್ನಡವೇ ಕಾಲಕೇಯರ ಭಾಷೆಯಾಗಿದ್ದಿತು. ಕನ್ನಡದ ಪ್ರಾಚೀನತೆಗೆ ಆಧಾರವೆಂದು ಆ ಪ್ರಹಸನವನ್ನು ಹೆಮ್ಮೆಯಿಂದ ಉದಾಹರಿಸುವವರು ಈ ಇನ್ನೊಂದು ಮುಖವನ್ನೂ ಮರೆಯಬಾರದು.

2020ರ ಫೆಬ್ರುವರಿ 21ರಂದು, ವಿಶ್ವ ಮಾತೃಭಾಷಾ ದಿನದ ಸಂದರ್ಭದಲ್ಲಿ, ಕಿಲಿಕಿಯನ್ನು ಯಾರು ಬೇಕಾದರೂ ಕಲಿಯುವಂತೆ ಜಾಲತಾಣದ ಮೂಲಕ ಲಿಪಿಸಹಿತವಾಗಿ ಒದಗಿಸಲಾಯಿತು. ಯಾವ ತಾಯಿಯೂ ಆಡದ ನುಡಿಗೆ ಮಾತೃಭಾಷೆಯ ದಿನವೇಕೆಂದು ನಗುವುದು ಸುಲಭ. ಆದರೆ ಹೆದರಿಸಲೆಂದು ಮಾಡಿದ ನುಡಿಯನ್ನು ಕಲಿಸಲು ಹೊರಟ ಆ ಕ್ಷಣದಲ್ಲಿಯೇ ಅದರ ದೋಷಕ್ಕೆ ಪರಿಹಾರವೂ ಆರಂಭವಾಯಿತು. ವ್ಯಾಕರಣವನ್ನು ಅರಿತವನಿಗೆ ಗದ್ದಲ ಮಾತಾಗುತ್ತದೆ, ಮಾತು ಮನುಷ್ಯನನ್ನು ತೋರಿಸುತ್ತದೆ. ಹೊರನಾಡಿನ ಬೀದಿಗಳಲ್ಲಿ ತಮ್ಮ ಮಾತು ಇತರರಿಗೆ ಬರಿಯ ಸದ್ದಾಗಿ ಕೇಳುವುದನ್ನೂ, ಇತರರ ಮಾತು ತಮಗೆ ಹಾಗೆಯೇ ಕೇಳುವುದನ್ನೂ ಬಲ್ಲ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.